ಹಾಲಿಲ್ಲದ ತೊಗಟೆ

ಆಟಿ ತಿಂಗಳು ಮುಗಿಯುವವರೆಗೆ ಮಗಳನ್ನು ಶಾಲೆಗೆ ಸೇರಿಸುವುದು ಬೇಡ ಎಂದು ಹಟ ಹಿಡಿದವಳು ನಾನೇ. ಮಳೆಗಾಲದ ನಡುವಿನ ಈ ತುಳು ತಿಂಗಳಲ್ಲಿ ನಮ್ಮ ಕಡೆ ಯಾರೂ ಹೊಸತನ್ನು ಶುರು ಮಾಡುವುದಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಅಂಗಡಿಯ ಬಾಗಿಲನ್ನೂ ತೆರೆಯುವುದಿಲ್ಲ. ಯಾವುದನ್ನೂ ಪರೀಕ್ಷಿಸದೆ ನಂಬಬೇಡ ಎಂದು ಮಗಳಿಗೆ ದಿನಾ ಬೋಧನೆ ಮಾಡುವ ನಾನು, ಬೇರೆ ದಾರಿ ಕಾಣದೆ ಅಶುಭ ತಿಂಗಳ ಹಿಂದೆ ಅಡಗಿ ಕುಳಿತೆ. ನನ್ನ ಗಂಡನಿಗೆ ಅದು ಗೊತ್ತಾಗಿ ನಗುವೂ ಬಂತು, ಸಿಟ್ಟೂ ಬಂತು.

"ಆಯ್ತು, ಆಟಿ ಮುಗಿಯಲಿ. ಮುಂದಿನ ತಿಂಗಳು, ಸೋಣದ ಮೊದಲ ದಿನ ಸೇರಿಸುವುದು. ಮತ್ತೆ ಇನ್ನೊಂದು ನೆಪ ತೆಗೀಬೇಡ" ಎಂದರು.

ಮಣಿಪಾಲದಲ್ಲಿ ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ದೂರದ ಒಂದು ಶಾಲೆಯಲ್ಲಿ ಅವರು ಮಾತಾಡಿಯೂ ಬಂದಿದ್ದರು. ಮಗಳಿಗೆ ಆಗ ಒಂಬತ್ತು ವರ್ಷ. ಎರಡನೇ ತರಗತಿಯಲ್ಲಿದ್ದಾಗ ಬೆಳಿಗ್ಗೆ ಶಾಲೆಯ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ವಾಂತಿಯಾಗುತ್ತಿತ್ತು. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದರು. ಶಾಲೆಯಲ್ಲಿ ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಯಾಕೆ ಹೀಗೆ ಎಂದು ಅವಳು ಹೇಳಲಿಲ್ಲ, ನಮಗೂ ತಿಳಿಯಲಿಲ್ಲ. ಕೊನೆಗೆ ನಾನು ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡೆ. ವಾಂತಿ ಮರುದಿನವೇ ನಿಂತಿತು. ನಾನು ಗೆದ್ದೆ ಎಂದುಕೊಂಡೆ.

ಮನೆಯಲ್ಲಿ ಕೂರಿಸಿಕೊಂಡೆ ಎಂದರೆ ಕೂತದ್ದು ಕಡಿಮೆ. ಕಾಪುವಿನ ದೀಪಸ್ತಂಭದ ಬುಡದ ಬಂಡೆಗಳಲ್ಲಿ ಸಮುದ್ರ ಇಳಿದಾಗ ಉಳಿಯುವ ಹೊಂಡಗಳ ಮುಂದೆ ಬೆನ್ನು ಸುಡುವ ತನಕ ಕುಕ್ಕುರುಗಾಲಲ್ಲಿ ಇರುತ್ತಿದ್ದೆವು. ಬಾಲ್ಕನಿಯ ಬಕೆಟ್ಟಿನಲ್ಲಿ ಸೊಳ್ಳೆಯ ಮರಿ ಸಾಕಿ ಪಕ್ಕದ ಫ್ಲ್ಯಾಟಿನವರ ಕೈಯಿಂದ ಬೈಸಿಕೊಂಡೆವು. ಮರಗಳಿಗೆ ಹಳೆಯ ಪೇಪರು ಒತ್ತಿ ಹಿಡಿದು ಇದ್ದಿಲಲ್ಲಿ ಉಜ್ಜಿ ತೊಗಟೆಯ ಅಚ್ಚು ತೆಗೆದೆವು. ನಾನು ಓದಿದ್ದು ರಸಾಯನಶಾಸ್ತ್ರ. ಮರಗಿಡಗಳ ವಿಷಯದಲ್ಲಿ ನಾನೂ ಅವಳ ಸಹಪಾಠಿಯೇ. ನಮ್ಮಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು: ಮೊದಲು ಕಣ್ಣಿಗೆ ಕಂಡದ್ದನ್ನು ಹೇಳಬೇಕು, ಅದರ ಮೇಲೆ ಏನು ಅನ್ನಿಸಿತು ಎಂಬುದನ್ನು ಆಮೇಲೆ. "ಇದೆಲ್ಲ ಪರೀಕ್ಷೆಗೆ ಬರ್ತದಾ?" ಎಂದು ಗಂಡ ಕೆಣಕಿದಾಗ ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ಆಟಿ ಅಮಾವಾಸ್ಯೆಗೆ ಕಾರ್ಕಳದ ಹತ್ತಿರ ಇರುವ ಗಂಡನ ಮನೆಗೆ ಹೋಗುವುದು ಪ್ರತಿವರ್ಷದ ಪದ್ಧತಿ. ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಗಾಯವಾದಲ್ಲಿ ಅಂಟುಹಾಲು ಸುರಿಸುವ ಈ ಹಾಲೆಗೆ ತುಳುವಿನಲ್ಲಿ ಪಾಲೆ ಎನ್ನುತ್ತೇವೆ. ಸೂರ್ಯ ಮೂಡುವ ಮೊದಲು ಮನೆಯ ಗಂಡಸು ಒಬ್ಬನೇ ಹೋಗಿ ತೊಗಟೆ ತರಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ಎಬ್ಬಿಸಬೇಕು. ದೀಪ ಹಿಡಿಯಬಾರದು. ಕತ್ತಲಲ್ಲಿ ಮರ ತಪ್ಪದಿರಲಿ ಎಂದು ಮುನ್ನಾದಿನ ಸಂಜೆಯೇ ಹೋಗಿ ಮರಕ್ಕೊಂದು ನೂಲು ಕಟ್ಟಿ ಬರುವುದು ಮಾವನ ಕ್ರಮ. ಈ ವರ್ಷ ಮಾವನಿಗೆ ಮಂಡಿನೋವು. ಕೆಲಸ ಮಗನ ಪಾಲಿಗೆ ಬಂತು.

ಮಗನೋ ಆಫೀಸು ಬಿಟ್ಟು ಹೊರಡುವಾಗಲೇ ತಡ. ಹಿರಿಯಡ್ಕದ ಹತ್ತಿರ ರಸ್ತೆಗೆ ಮರ ಬಿದ್ದು ಸಾಲುಗಟ್ಟಿ ನಿಂತೆವು. ಮನೆ ಮುಟ್ಟುವಾಗ ಕತ್ತಲಾಗಿ ಮಳೆ ಹೊಯ್ಯುತ್ತಿತ್ತು.

"ನೂಲು ಕಟ್ಟಲಿಕ್ಕೆ ಆಗಲಿಲ್ಲ ಅಲ್ವಾ?" ಎಂದು ಮಾವ ಕೇಳಿದರು.

"ಚಿಕ್ಕಂದಿನಿಂದ ನೋಡಿದ ಮರ ಅಪ್ಪ. ನೂಲು ಎಂತಕ್ಕೆ?"

ಮಾವ ಮಂಡಿ ನೀವಿಕೊಳ್ಳುತ್ತಾ ಹೊರಗಿನ ಮಳೆ ನೋಡಿದರು.

ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ತೊಗಟೆ ಬಂದು, ಅತ್ತೆ ಅದನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜೊತೆ ಅರೆದು ಹಿಂಡಿಯೂ ಆಗಿತ್ತು. ಒಲೆಯಲ್ಲಿ ಬಿಳಿ ಬೆಣಚುಕಲ್ಲು ಕೆಂಪಗೆ ಕಾಯುತ್ತಿತ್ತು. ಅತ್ತೆ ಅದನ್ನು ಇಕ್ಕಳದಲ್ಲಿ ಎತ್ತಿ ಕಷಾಯಕ್ಕೆ ಹಾಕಿದರು. ಚೊಂಯ್ ಎಂದು ಹಬೆ ಎದ್ದಿತು. ಮಾವ ಹೊರಗಿನ ಜಗಲಿಯಿಂದ ಗೋಡೆ ಹಿಡಿದುಕೊಂಡು ಬಂದು ಮಣೆಯ ಮೇಲೆ ಕುಳಿತರು. ಮೊದಲ ಲೋಟ ಯಾವಾಗಲೂ ಅವರದು.

ಮಗಳು ಅರೆಯುವ ಕಲ್ಲಿನ ಪಕ್ಕ ಉಳಿದಿದ್ದ ತೊಗಟೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಉಗುರಿನಿಂದ ಕೆರೆದಳು, ಮೂಸಿದಳು. ಆಮೇಲೆ ಅರೆಯುವ ಕಲ್ಲನ್ನು ಬೆರಳಿನಿಂದ ಒರೆಸಿದಳು.

"ಅಜ್ಜಿ, ಇದು ಪಾಲೆ ಅಲ್ಲ. ಇದರಲ್ಲಿ ಹಾಲಿಲ್ಲ."

ಅತ್ತೆ ತಿರುಗಿಯೂ ನೋಡಲಿಲ್ಲ. "ಮಳೆಗೆ ತೊಳೆದು ಹೋಗಿರ್ತದೆ ಮಗಾ. ನೀನು ಆಚೆ ಕೂತ್ಕೋ, ಕಲ್ಲು ಬಿಸಿ ಉಂಟು."

ಹಾಲೆಯ ತೊಗಟೆಯೆಂದು ಬೇರೆ ಮರದ್ದನ್ನು ತಂದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ನಮ್ಮ ಊರುಗಳಲ್ಲಿ ಕೇಳದವರಿಲ್ಲ. ಕಾಸರಕದ ಮರ, ತುಳುವಿನ ಕಾಯರ್, ಅದೇ ಗುಡ್ಡದಲ್ಲಿ ಹಾಲೆಯ ಮಗ್ಗುಲಲ್ಲೇ ಬೆಳೆಯುತ್ತದೆ. ಅದೂ ಕಹಿ, ಇದೂ ಕಹಿ. ಒಂದು ಮದ್ದು, ಇನ್ನೊಂದು ವಿಷ. ಆದರೆ ಅತ್ತೆ ಹೇಳಿದ್ದೂ ಸುಳ್ಳಿರಲಿಕ್ಕಿಲ್ಲ. ಆಟಿಯ ಮಳೆಯಲ್ಲಿ ನೆನೆದ ಹಾಲೆಯ ತೊಗಟೆಯಲ್ಲಿ ಹಾಲು ಎಷ್ಟು ಉಳಿದಿರುತ್ತದೆ ಎಂದು ನಾನು ಯಾವತ್ತೂ ನೋಡಿದವಳಲ್ಲ. ಬೇರೆ ದಿನಗಳಲ್ಲಿ ಆ ಮರವನ್ನು ಕೆತ್ತಲು ಈ ಮನೆಯಲ್ಲಿ ಯಾರೂ ಬಿಡುವುದಿಲ್ಲ.

"ಅತ್ತೆ, ಸ್ವಲ್ಪ ನಿಲ್ಲಿ. ಮಾವ, ಈಗಲೇ ಕುಡಿಯಬೇಡಿ" ಎಂದೆ.

ಬಾಗಿಲಲ್ಲಿ ತಲೆ ಒರೆಸುತ್ತಾ ನಿಂತಿದ್ದ ಗಂಡನ ಮುಖ ಕೆಂಪಾಯಿತು. "ನಿನ್ನ ಪಾಠ ಇಲ್ಲಿ ಬೇಡ ಮಾರಾಯ್ತಿ. ನಾನು ಮರದ ಹತ್ತಿರವೇ ನಾಲಿಗೆಗೆ ಹಚ್ಚಿ ನೋಡಿದ್ದೇನೆ. ಕಹಿ ಉಂಟು."

"ಕಾಯರೂ ಕಹಿಯೇ ಇರ್ತದೆ."

"ಹಾಗಾದ್ರೆ ನಾನು ನನ್ನ ಅಪ್ಪನಿಗೆ ವಿಷ ತಂದು ಕೊಟ್ಟೆ ಅಂತ ಹೇಳುವುದಾ ನೀನು?"

ನನಗೂ ರೇಗಿತ್ತು. ನೂಲು ಕಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವರು ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು.

"ಸರಿ. ಇದು ಪಾಲೆಯೇ ಆಗಿದ್ರೆ ನಾಳೆ ಬೆಳಿಗ್ಗೆಯೇ ಶಾಲೆ. ಆಟಿಯೂ ಇಲ್ಲ, ಸೋಣವೂ ಇಲ್ಲ. ಒಪ್ಪಿಗೆಯಾ? ಈಗ ಹೇಳು, ಇದು ಪಾಲೆಯಾ ಅಲ್ವಾ?"

ಮಗಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಕೆಳಗಿಟ್ಟಳು.

"ನನಗೆ ಗೊತ್ತಿಲ್ಲ" ಎಂದಳು.

"ಆಯ್ತಲ್ಲ" ಎಂದು ಗಂಡ ಒಳಗೆ ಬಂದರು. ಅತ್ತೆ ಲೋಟಕ್ಕೆ ಬಗ್ಗಿಸಿದರು. ಮಾವ ಕೈ ಚಾಚಿ ತೆಗೆದುಕೊಂಡರು. ಲೋಟ ಬಿಸಿ ಇದ್ದುದರಿಂದ ಪಂಚೆಯ ಅಂಚು ಸುತ್ತಿ ಹಿಡಿದು ಊದುತ್ತಾ ಕುಳಿತರು. ನನಗಿದ್ದ ಸಮಯ ಆ ಕಷಾಯ ಆರುವಷ್ಟು ಮಾತ್ರ. ಸುಮ್ಮನಿದ್ದರೆ ಏನಾಗಬಹುದು ಎಂಬುದು ಕಣ್ಣೆದುರಿಗಿತ್ತು. ಮಾತಾಡಿ ತಪ್ಪಾದರೆ ಮಗಳು ಮರುದಿನ ಶಾಲೆಯ ಗೇಟಿನಲ್ಲಿ ನಿಲ್ಲಬೇಕು, ಈ ಮನೆಯಲ್ಲಿ ನನ್ನ ಮಾತಿಗೆ ಮತ್ತೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಇದೆಲ್ಲ ಲೆಕ್ಕ ಹಾಕಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಗಳು ಅಜ್ಜನ ಮಣೆಯ ಪಕ್ಕಕ್ಕೆ ಸರಿದು ನಿಂತಿದ್ದಳು. ಅವಳ ಎದುರು ಕುಕ್ಕುರುಗಾಲಲ್ಲಿ ಕುಳಿತೆ.

"ಪಾಲೆಯಾ ಅಲ್ವಾ ಅಂತ ನೀನು ಹೇಳುವುದು ಬೇಡ. ನೀನು ಎಂತ ನೋಡಿದ್ದಿ, ಅಷ್ಟು ಹೇಳು."

ಮಾವ ಊದುವುದನ್ನು ನಿಲ್ಲಿಸಿದ್ದರು.

"ಹೇಳು ಮಗಾ" ಎಂದರು ಅವರೇ.

"ಹಾಲಿಲ್ಲ" ಎಂದಳು ನೆಲ ನೋಡುತ್ತಾ. "ಒಳಗಿನ ಬದಿ ಹಳದಿ ಉಂಟು. ಹೋದ ವರ್ಷ ಅರೆಯುವ ಕಲ್ಲು ತೊಳೆಯುವಾಗ ನನ್ನ ಬೆರಳು ಅಂಟಿಕೊಂಡಿತ್ತು, ಅಜ್ಜಿ ಎಣ್ಣೆ ಹಚ್ಚಿ ಬಿಡಿಸಿದ್ರು. ಇವತ್ತು ಕಲ್ಲು ಅಂಟುವುದಿಲ್ಲ."

ಅತ್ತೆ ಆಗ ಮೊದಲ ಸಲ ಅರೆಯುವ ಕಲ್ಲನ್ನು ಮುಟ್ಟಿದರು. ಅಂಗೈಯನ್ನು ಪೂರ್ತಿ ಊರಿ ಎತ್ತಿದರು. ಮತ್ತೊಮ್ಮೆ ಊರಿದರು. ಆಮೇಲೆ ಬಂದು ಮಾವನ ಕೈಯಿಂದ ಲೋಟ ತೆಗೆದುಕೊಂಡು ಕಿಟಕಿಯ ಮೇಲಿಟ್ಟರು.

"ಬೆಳಕಾಯ್ತು. ಮರ ನೋಡಿ ಬನ್ನಿ" ಎಂದರು.

ನಾವು ಮೂವರೂ ಹೊರಟೆವು. ಗಂಡ ಕೊಡೆಯನ್ನೂ ತೆಗೆದುಕೊಳ್ಳದೆ ದಾಪುಗಾಲು ಹಾಕುತ್ತಾ ಮುಂದೆ ಹೋದರು. ತುಂಬಿ ಹರಿಯುವ ತೋಡು ದಾಟಿ ಗುಡ್ಡ ಹತ್ತುವಾಗ ಮಗಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಒತ್ತಿ ನೋಯುತ್ತಿತ್ತು. ಹಾಲೆಯೇ ಆಗಿರಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು, ಅವರು ನಾಲಿಗೆಗೆ ಹಚ್ಚಿದ್ದು ನೆನಪಾಗಿ. ಅಲ್ಲದಿರಲಿ ಎಂದು ಇನ್ನೊಂದು ಮನಸ್ಸು.

ಹಾಲೆ ಮರ ಅಲ್ಲೇ ಇತ್ತು. ಗೆಣ್ಣು ಗೆಣ್ಣಿಗೂ ಸುತ್ತಲೂ ಎಲೆ ಬಿಟ್ಟುಕೊಂಡು, ಬುಡ ಒಂದಿಷ್ಟೂ ಗಾಯವಿಲ್ಲದೆ ನಿಂತಿತ್ತು. ನಾಲ್ಕು ಮಾರು ಆಚೆ ಇನ್ನೊಂದು ಮರದ ತೊಗಟೆ ಕಿತ್ತು ಬಂದಿತ್ತು. ಅದರ ಕೆಳಗೆ ಅವರು ಜಜ್ಜಿದ ಕಲ್ಲು. ಮೇಲೆ ನೋಡಿದರೆ ಹೊಳೆಯುವ ದುಂಡನೆಯ ಎಲೆಗಳು, ಎರಡೆರಡು ಎದುರುಬದುರಾಗಿ. ಕಾಸರಕ. ಯಾರಿಗೂ ಯಾವ ಪಾಠವೂ ಬೇಕಿರಲಿಲ್ಲ.

ಗಂಡ ಆ ಗಾಯದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಮುಖದಿಂದ ನೀರು ಇಳಿಯುತ್ತಿತ್ತು. ಮಳೆಯದೋ ಅಲ್ಲವೋ ನನಗೆ ಗೊತ್ತಿಲ್ಲ. ನನಗೆ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಮಗಳ ಎದುರು ನಾಚಿಕೆಯಾಗಿ ಸುಮ್ಮನಾದೆ.

"ಉಗಿದಿದ್ದೀರಲ್ಲ? ನುಂಗಲಿಲ್ಲ ಅಲ್ವಾ?" ಎಂದು ಕೇಳಿದೆ.

"ಉಗಿದೆ" ಎಂದರು.

ಮನೆಗೆ ಬಂದು ಪರಿಚಯದ ಡಾಕ್ಟರಿಗೆ ಫೋನು ಮಾಡಿದೆ. ನುಂಗಿಲ್ಲವಾದರೆ ಹೆದರಬೇಡಿ, ಆದರೆ ಕೈಕಾಲು ಸೆಟೆದುಕೊಂಡ ಹಾಗಾದರೆ ಒಂದು ಕ್ಷಣವೂ ಕಾಯದೆ ಬನ್ನಿ ಎಂದರು. ಮಧ್ಯಾಹ್ನದವರೆಗೆ ಅತ್ತೆ ಮಗನ ಎದುರಿನಿಂದ ಏಳಲಿಲ್ಲ. ದನ ನೆಕ್ಕಬಾರದೆಂದು ಮಾವ ಮಂಡಿನೋವಿನಲ್ಲೂ ಎದ್ದು, ಹಟ್ಟಿಯಿಂದ ದೂರ ಹೊಂಡ ತೋಡಿಸಿ ಕಷಾಯ ಚೆಲ್ಲಿಸಿದರು. ಮಗಳನ್ನು ಯಾರೂ ಹೊಗಳಲಿಲ್ಲ. ಹೊಗಳುವ ಹಾಗಿರಲಿಲ್ಲ ಮನೆ. ಮೆಂತೆ ಗಂಜಿ ಬಡಿಸುವಾಗ ಮಾವ ಮಾತ್ರ ಅವಳನ್ನು ಹತ್ತಿರ ಕರೆದು, "ಮೊದಲು ಸರಿಯಾಗಿ ಹೇಳಿದೆಯಲ್ಲ, ಮತ್ತೆ ಯಾಕೆ ಗೊತ್ತಿಲ್ಲ ಅಂದದ್ದು?" ಎಂದು ಕೇಳಿದರು. ಅವಳು ಗಂಜಿಯನ್ನು ಚಮಚದಿಂದ ತಿರುವುತ್ತಾ ಕುಳಿತಳು.

ಗಂಡನಿಗೆ ಏನೂ ಆಗಲಿಲ್ಲ. ಸಂಜೆಯ ಬೆಳಕಿರುವಾಗಲೇ ಮಣಿಪಾಲಕ್ಕೆ ಹೊರಟೆವು. ಕಾರು ಬೈಲೂರು ದಾಟಿತು. ಆಮೇಲೆ ಗಂಡ ರಸ್ತೆಯಿಂದ ಕಣ್ಣು ತೆಗೆಯದೆ, "ಶಾಲೆಯ ವಿಷಯ ಬಿಡುವ. ಮನೆಯಲ್ಲೇ ಕಲೀಲಿ" ಎಂದರು. ಅಷ್ಟು ದಿನ ನಾನು ಜಗಳಾಡಿದ್ದು, ಆಟಿಯ ಸೆರಗಿನಲ್ಲಿ ಅಡಗಿದ್ದು, ಎಲ್ಲವೂ ಈ ಒಂದು ಮಾತಿಗಾಗಿ. ಆದರೆ ನನಗೆ ಸಂತೋಷವಾಗಲಿಲ್ಲ. ಅಡುಗೆಮನೆಯಲ್ಲಿ ಅವಳು ತೊಗಟೆಯನ್ನು ಕೆಳಗಿಟ್ಟ ರೀತಿ ಕಣ್ಣಿನಿಂದ ಹೋಗುತ್ತಿರಲಿಲ್ಲ.

ಹಿಂದಕ್ಕೆ ತಿರುಗಿ ಕೇಳಿದೆ. "ಅಜ್ಜ ಕೇಳಿದ್ದಕ್ಕೆ ನೀನು ಉತ್ತರ ಕೊಡ್ಲಿಲ್ಲ. ನಾನು ಕೇಳದೇ ಇರ್ತಿದ್ರೆ, ಅಜ್ಜ ಅದನ್ನು ಕುಡೀಲಿ ಅಂತ ಬಿಡ್ತಿದ್ದೆಯಾ?"

"ಇಲ್ಲಪ್ಪ" ಎಂದಳು, ಆಶ್ಚರ್ಯದಿಂದ. "ಎಡವಿ ಬಿದ್ದ ಹಾಗೆ ಮಾಡಿ ಲೋಟ ತಟ್ಟಿಬಿಡ್ತಿದ್ದೆ. ನಾನು ಆಗಲೇ ಅಜ್ಜನ ಹತ್ತಿರ ನಿಂತುಕೊಂಡಿದ್ದೆ."

"ಹಾಗೆ ಯಾಕೆ? ಬಾಯಲ್ಲಿ ಹೇಳಬಹುದಿತ್ತಲ್ಲ?"

"ಹೇಳಿ ತಪ್ಪಾದ್ರೆ ಶಾಲೆ ಅಂತ ಅಪ್ಪ ಹೇಳಿದ್ರಲ್ಲ. ಲೋಟ ಬಿದ್ರೆ ಬೈಯ್ತಾರೆ ಅಷ್ಟೇ."

ಕಣ್ಣಿಗೆ ಕಂಡದ್ದನ್ನು ಹೇಳುವುದನ್ನು ಬಿಟ್ಟು ಬೇರೇನನ್ನೂ ನಾನು ಅವಳಿಗೆ ಕಲಿಸಿರಲಿಲ್ಲ ಎಂದುಕೊಂಡಿದ್ದೆ. ಹೇಳಿದರೆ ಏನು ದಂಡ ಎಂದು ಲೆಕ್ಕ ಹಾಕುವುದನ್ನು ಅವಳು ನಮ್ಮಿಬ್ಬರ ನಡುವೆ ಕುಳಿತೇ ಕಲಿತಿದ್ದಳು. ಶಾಲೆಯ ಹೆಸರು ಬಂದಾಗಲೆಲ್ಲ ನಾನು ಮುಖ ಗಂಟಿಕ್ಕಿ, ಅವರು ಗದರಿ, ಆ ಜಾಗವನ್ನು ನಾವಿಬ್ಬರೂ ಸೇರಿ ಒಂದು ಶಿಕ್ಷೆಯನ್ನಾಗಿ ಮಾಡಿಟ್ಟಿದ್ದೆವು.

"ಸೋಣ ಬಂದ ಮೇಲೆ ಆ ಶಾಲೆಯನ್ನು ಒಮ್ಮೆ ನೋಡಿ ಬರುವ" ಎಂದೆ. ಗಂಡ ನನ್ನ ಕಡೆ ತಿರುಗಿದರು. ನಾನು ಮಗಳನ್ನೇ ನೋಡುತ್ತಾ ಮುಂದುವರಿಸಿದೆ, "ಸುಮ್ಮನೆ ನೋಡುವುದು. ಸೇರ್ತೀಯಾ, ಮನೆಯಲ್ಲೇ ಇರ್ತೀಯಾ ಅಂತ ನೀನೇ ಹೇಳು. ನೀನು ಹೇಳಿದ್ದು ಮತ್ತೆ ತಪ್ಪು ಅನ್ನಿಸಿದ್ರೂ ತೊಂದರೆ ಇಲ್ಲ."

ಅವಳು ಮುಂದಿನ ಸೀಟು ಹಿಡಿದು ನೆಟ್ಟಗೆ ಕುಳಿತಳು.

"ತಪ್ಪು ಅನ್ನಿಸಿದ್ರೆ ಎಂತ ಮಾಡ್ತೀರಿ?"

"ಎಂತ ಮಾಡುವುದಿಲ್ಲ ಮಗಾ" ಎಂದರು ಅವಳ ಅಪ್ಪ. ಮತ್ತೊಮ್ಮೆ ಹೇಳಿದರು, "ಎಂತದೂ ಮಾಡುವುದಿಲ್ಲ."

ಅವಳು ಕನ್ನಡಿಯಲ್ಲಿ ಅವರ ಕಣ್ಣುಗಳನ್ನೂ, ಆಮೇಲೆ ನನ್ನ ಮುಖವನ್ನೂ ಗಮನವಿಟ್ಟು ನೋಡಿದಳು, ನಾನು ಕಲಿಸಿದ ಹಾಗೆಯೇ. ನೋಡಿ, ನಂಬದೆ, ಕಿಟಕಿಯ ಕಡೆ ತಿರುಗಿದಳು.