ಗಡ್ಡ ಕಪ್ಪಾಗುವ ಹೊತ್ತು

ಆ ಪ್ರಾಣಿ ನಮ್ಮ ಮನೆಗೆ ಬಂದದ್ದು ನನ್ನ ಭಾಮೈದನ ಹೆಂಡತಿ ಬಸುರಿಯಾದ ಕಾರಣಕ್ಕೆ. ಯಲಹಂಕದ ಬಾಡಿಗೆ ಮನೆಯಲ್ಲಿ ಅವನು ಎರಡು ವರ್ಷದಿಂದ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದ. ಬಸುರಿ ಹೆಂಗಸು ದಿನಾ ಬೆಳಗೆದ್ದು ಅಂಥ ಮುಖ ನೋಡಬಾರದು ಎಂದು ಹುಡುಗಿಯ ಕಡೆಯವರು ಹಟ ಹಿಡಿದರು. ಒಂದು ಭಾನುವಾರ ಪೆಟ್ಟಿಗೆ, ಬಲ್ಬು, ಹುಳುಗಳ ಡಬ್ಬಿ ಸಮೇತ ದೊಡ್ಡಬಳ್ಳಾಪುರದ ನಮ್ಮ ಮನೆಗೆ ತಂದಿಟ್ಟು, ಕಾಫಿ ಕುಡಿದು ಹೋದ.

ಬಿಯರ್ಡೆಡ್ ಡ್ರ್ಯಾಗನ್ ಅಂತೆ. ಆಸ್ಟ್ರೇಲಿಯಾದ ಮರಳುಗಾಡಿನ ಕಡೆಯದಂತೆ. ನನ್ನ ಕಣ್ಣಿಗೆ ಬೇಲಿ ಮೇಲಿನ ಓತಿಕ್ಯಾತವೇ, ತುಸು ಕೊಬ್ಬಿತ್ತು ಅಷ್ಟೆ. ಮೊಳದುದ್ದ, ಮಣ್ಣಿನ ಬಣ್ಣ, ದವಡೆಯ ಕೆಳಗೆ ಮುಳ್ಳುಮುಳ್ಳಾದ ಚರ್ಮ. ಹೆದರಿದರೆ ಆ ಚರ್ಮ ಗಡ್ಡದ ಹಾಗೆ ಉಬ್ಬಿ ಕಪ್ಪಾಗುತ್ತದೆ ಎಂದು ಭಾಮೈದ ಹೇಳಿದ್ದ. ಅವನ ಮನೆಯಲ್ಲಿ ಎರಡು ವರ್ಷದಲ್ಲಿ ಎರಡೋ ಮೂರೋ ಸಲ ಹಾಗಾಗಿತ್ತಂತೆ. ನಮ್ಮ ಮನೆಯಲ್ಲಿ ಮೊದಲ ದಿನವೇ ಆಯಿತು.

ನನ್ನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಐದನೇ ಕ್ಲಾಸಿನಿಂದ ನಾಯಿ ಬೇಕು, ನಾಯಿ ಬೇಕು ಎಂದು ಕೇಳಿ ಕೇಳಿ, ನನ್ನ ಹತ್ತಿರ ಬೈಸಿಕೊಂಡು ಸುಮ್ಮನಾದವಳು. ಅವತ್ತು ಪೆಟ್ಟಿಗೆಯ ಮುಂದೆ ಕೂತವಳು ಊಟಕ್ಕೂ ಏಳಲಿಲ್ಲ. 'ಇರ್ಲಿ ಬಿಡು, ಆದ್ರೆ ಮನೆ ನಾರಬಾರ್ದು' ಎಂದೆ. ಅವಳ ಮುಖ ಅರಳಿದ್ದು ನೋಡಿ ನನಗೂ ಸಂತೋಷವಾಯಿತು. ಇದೊಂದನ್ನಾದರೂ ನಾನು ಸರಿಯಾಗಿ ನಡೆಸಿಕೊಡಬೇಕು ಅನ್ನಿಸಿತು.

ಮೊದಲ ವಾರ ಅದು ಹೆಚ್ಚುಕಡಿಮೆ ಏನೂ ತಿನ್ನಲಿಲ್ಲ. ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಬಿಟ್ಟೆವು. ಆಮೇಲೆ ಒಂದು ದಿನ ತಿಂದರೆ ಎರಡು ದಿನ ಉಪವಾಸ. ಬಾಲದ ಬುಡ ಸೊರಗಿ ಸೊಂಟದ ಮೂಳೆ ಕಾಣತೊಡಗಿತು. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮನ ಹತ್ತಿರ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದೆವು. ಆಕೆ ಬಾಯಿ ಬಿಡಿಸಿ ನೋಡಿ, ಹೊಟ್ಟೆ ಮುಟ್ಟಿ ನೋಡಿ, 'ಇದಕ್ಕೆ ಕಾಯಿಲೆ ಏನಿಲ್ಲ. ಭಯ ಇದೆ. ಯಾವುದಕ್ಕೆ ಅಂತ ನೀವೇ ಹುಡುಕ್ಬೇಕು. ಹೀಗೇ ಇಳೀತಾ ಹೋದ್ರೆ ಇನ್ನೊಂದು ತಿಂಗಳು ಉಳಿಯೋದು ಕಷ್ಟ' ಎಂದರು. ಬರುವಾಗ ಬಸ್ಸಿನಲ್ಲಿ ಮಗಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಅಳುತ್ತಿದ್ದಳು. ನಾನು ನೋಡದವನ ಹಾಗೆ ಕೂತಿದ್ದೆ.

ಹುಡುಕುವುದು ನನಗೆ ಗೊತ್ತಿರುವ ಕೆಲಸ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ನಾನು ಸೂಪರ್‌ವೈಸರ್. ತಗಡು ಒತ್ತುವ ಯಂತ್ರದಿಂದ ಕೆಟ್ಟ ಮಾಲು ಬಂದರೆ ತಪ್ಪು ಎಲ್ಲಿದೆ ಎಂದು ಹಿಡಿಯುವವರೆಗೆ ನಾನು ಬಿಡುವುದಿಲ್ಲ. ಇಲ್ಲೂ ಹಾಗೇ ಹೊರಟೆ. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಇನ್ನೊಂದು ಓತಿ ಎಂದು ಹೆದರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಮೂರು ಕಡೆಗೂ ಕಂದು ಕಾಗದ ಅಂಟಿಸಿದೆ. ಅವಿತುಕೊಳ್ಳಲು ಒಂದು ನಾಡಹೆಂಚು ಬೋರಲು ಹಾಕಿದೆ. ಒಂದು ಮೂಲೆ ಬೆಚ್ಚಗೆ, ಇನ್ನೊಂದು ತಣ್ಣಗೆ ಇರುವ ಹಾಗೆ ಬಲ್ಬನ್ನು ಸರಿಸಿದೆ. ಮೇಲಿನಿಂದ ಕೈ ಹಾಕಿದರೆ ಹದ್ದು ಎರಗಿದ ಹಾಗೆ ಆಗುತ್ತದಂತೆ. ಪಕ್ಕದಿಂದ, ನೆಲಮಟ್ಟದಲ್ಲಿ ಕೈ ಚಾಚಬೇಕೆಂದು ಮನೆಯವರಿಗೆಲ್ಲ ಎರಡೆರಡು ಸಲ ಮಾಡಿ ತೋರಿಸಿದೆ. ನಾನು ತೋರಿಸುವಾಗಲೂ ಗಡ್ಡ ಕಪ್ಪು.

ನನಗೆ ಹೆದರಿಕೆ ಹುಟ್ಟಿಸಿದ್ದು ಅದರ ನೋಟ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ಅದು ನನ್ನ ಮುಖ ನೋಡುತ್ತಿರಲಿಲ್ಲ ಅನ್ನಿಸುತ್ತಿತ್ತು. ನನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆ, ಅವರ ಮೇಲೆ ಕಣ್ಣಿಟ್ಟಿದೆ ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಖಾಲಿ ಬಾಗಿಲು. ಒಂದು ಸಂಜೆ ಹೀಗೆ ಮೂರು ಸಲ ತಿರುಗಿ ನೋಡಿದೆ. ಮೂರನೆಯ ಸಲ ಎದ್ದು ಹೋಗಿ ಬಾಗಿಲು ಹಾಕಿ, ಚಿಲಕ ಹಾಕಿಕೊಂಡು ಬಂದೆ.

ನಮ್ಮಮ್ಮ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

'ಮನುಷ್ಯರ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣ್ತದೆ ಕಣಪ್ಪ. ಈ ಮನೇಲಿ ಏನೋ ಐತೆ.'

'ಏನೂ ಇಲ್ಲ, ಸುಮ್ನಿರಮ್ಮ' ಎಂದು ಗದರಿದೆ. ಆದರೂ ಆ ಅಮಾವಾಸ್ಯೆಗೆ ಅವಳು ಹೊಸ್ತಿಲ ಮೇಲೆ ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿಟ್ಟಾಗ ಬೇಡ ಅನ್ನಲಿಲ್ಲ. ದೇವರು ದಿಂಡರು ಅಂದರೆ ನಗುವ ಆಸಾಮಿ ನಾನು. ಅವತ್ತು ಆ ಹಣ್ಣನ್ನು ತುಳಿಯದಂತೆ ದಾಟಿ ಕೆಲಸಕ್ಕೆ ಹೋದೆ.

ಆಮೇಲೆ ಕಾರ್ಖಾನೆಯ ಉಪಾಯ ಹೂಡಿದೆ. ಮಾಲು ಪದೇಪದೇ ಕೆಟ್ಟರೆ ನಾವು ಯಂತ್ರದ ಪಕ್ಕ ಒಂದು ಹಾಳೆ ತೂಗುಹಾಕುತ್ತೇವೆ. ಗಂಟೆಗೊಂದು ಚೌಕದ ಮನೆ, ತಪ್ಪು ಕಂಡ ಗಂಟೆಯ ಮನೆಗೆ ಗುರುತು. ವಾರ ಕಳೆದ ಮೇಲೆ ಹಾಳೆಯೇ ಬಾಯಿ ಬಿಡುತ್ತದೆ. ಅಂಥದೇ ಹಾಳೆಗೆ ಗೆರೆ ಹೊಡೆದು ಗೋಡೆಗೆ ಅಂಟಿಸಿ, 'ಗಡ್ಡ ಕಪ್ಪಾಗಿದ್ರೆ ಆ ಗಂಟೆ ಮನೆ ತುಂಬ್ಬೇಕು, ಇಲ್ದಿದ್ರೆ ಖಾಲಿ ಬಿಡ್ಬೇಕು. ನಾನು ಮನೇಲಿದ್ದಾಗ ನಾನು ಬರೀತೀನಿ, ನಾನು ಶಿಫ್ಟಿಗೆ ಹೋದಾಗ ನೀನು' ಎಂದು ಮಗಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ನನ್ನ ಹೆಂಡತಿ ಏನೋ ಹೇಳಲು ಬಾಯಿ ತೆರೆದವಳು ಒಲೆಯ ಕಡೆ ಹೋದಳು.

ಎರಡು ವಾರದ ಹಾಳೆ ನೋಡಿದರೆ ಎಲ್ಲ ಮನೆಗಳೂ ಕಪ್ಪು. ನಾನು ತುಂಬಿದ್ದೂ ಕಪ್ಪು, ಮಗಳು ತುಂಬಿದ್ದೂ ಕಪ್ಪು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಭೇದವಿಲ್ಲ. ಯಾವಾಗಲೂ ಕಪ್ಪು ಅಂದರೆ ಅದು ಹೆದರುವ ವಸ್ತು ಯಾವಾಗಲೂ ಮನೆಯಲ್ಲೇ ಇದೆ ಎಂದಾಯಿತು. ಹೋಗಿಬರುವಂಥದ್ದಲ್ಲ, ಇಲ್ಲೇ ಠಿಕಾಣಿ ಹೂಡಿದ್ದು. ನಾನು ಪೆಟ್ಟಿಗೆಯ ನೀರಿನ ಬಟ್ಟಲನ್ನೇ ನೋಡುತ್ತ ಕೂತೆ. ನೀರು ಸಣ್ಣಗೆ ನಡುಗುತ್ತಿತ್ತು. ಗೋಡೆಯಾಚೆ ಪಕ್ಕದ ಮನೆಯ ಪವರ್‌ಲೂಮ್ ಟಕಟಕ ಎನ್ನುತ್ತಿತ್ತು.

ಸಿಕ್ಕಿತು ಅಂದುಕೊಂಡೆ. ನಮ್ಮ ಬೀದಿಯಲ್ಲಿ ಮನೆಗೆ ಎರಡಾದರೂ ಮಗ್ಗ. ಬೆಳಗಿನಿಂದ ರಾತ್ರಿ ಊಟದ ಹೊತ್ತಿನವರೆಗೂ ಆ ಸದ್ದು ಎಷ್ಟು ಬೆರೆತುಹೋಗಿದೆಯೆಂದರೆ ನಮಗೆ ಕೇಳುವುದೇ ಇಲ್ಲ. ಮರಳುಗಾಡಿನ ಪ್ರಾಣಿಗೆ ನೆಲ ನಡುಗಿದರೆ ಜೀವ ನಡುಗದೆ ಇದ್ದೀತೇ? ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದೆ. ಮಗ್ಗದ ಯಜಮಾನರು ನನಗಿಂತ ಹದಿನೈದು ವರ್ಷ ದೊಡ್ಡವರು. ನಮ್ಮ ಗೃಹಪ್ರವೇಶಕ್ಕೆ ಹಾಲು ತಂದುಕೊಟ್ಟವರು.

'ಏನಪ್ಪಾ, ಇಪ್ಪತ್ತು ವರ್ಷದಿಂದ ಇದೇ ಸದ್ದಲ್ಲಿ ನಿನ್ ಮಗಳು ಮಲ್ಗಿ ಎದ್ದು ಬೆಳೆದಿಲ್ವಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು' ಎಂದು ಅವರು ನಕ್ಕರು.

ಆ ನಗು ನನ್ನನ್ನು ಕೆರಳಿಸಿತು. ನಗರಸಭೆಗೆ ಬರೆದುಕೊಡುತ್ತೇನೆ, ಕರೆಂಟು ಕೀಳಿಸುತ್ತೇನೆ, ಇನ್ನೂ ಏನೇನೋ ಅಂದೆ. ಮಗ್ಗದ ಸದ್ದನ್ನೂ ಮೀರಿ ನನ್ನ ಮಾತು ಕೇಳುತ್ತಿತ್ತು. ಪ್ರೆಸ್ ಶಾಪಿನಲ್ಲಿ ತಯಾರಾದ ಗಂಟಲು. ಅವರ ನಗು ಆರಿತು. ಮಾರನೆಯ ದಿನ ನಮ್ಮ ಗೋಡೆಗೆ ಹತ್ತಿದ ಎರಡು ಮಗ್ಗಗಳನ್ನು ನಿಲ್ಲಿಸಿದರು. ಅವೆರಡನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದಳು. ಯಜಮಾನರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸತೊಡಗಿದರು.

ಮಗಳು ಎರಡು ದಿನ ಸಪ್ಪಗಿದ್ದಳು. 'ಅವ್ರ ತಂಟೆಗೆ ಹೋಗ್ಬಾರ್ದಿತ್ತು' ಎಂದು ಹೆಂಡತಿ ಅಂದದ್ದಕ್ಕೆ, 'ನಿನ್ ಮಗಳಿಗೋಸ್ಕರಾನೇ ಹೋಗಿದ್ದು' ಎಂದು ಬಾಯಿ ಮುಚ್ಚಿಸಿದೆ.

ನೀರಿನ ಬಟ್ಟಲು ನಡುಗುವುದು ನಿಂತಿತು. ಗಡ್ಡ ಕಪ್ಪಾಗಿಯೇ ಇತ್ತು. ಆ ವಾರ ನನಗೆ ರಾತ್ರಿ ಪಾಳಿ. ಹಗಲೆಲ್ಲ ಮನೆಯಲ್ಲೇ ಇದ್ದೆ. ಆ ಏಳು ದಿನ ಅದು ಒಂದು ಎಲೆಯನ್ನೂ ಮುಟ್ಟಲಿಲ್ಲ. ಹೆಂಚಿನಡಿ ಸೇರಿಕೊಂಡು, ಕಣ್ಣು ಮುಚ್ಚದೆ, ಹೊರಗೆ ನೋಡುತ್ತ ಮಲಗಿರುತ್ತಿತ್ತು. ಉಳಿದ ಮಗ್ಗಗಳನ್ನೂ ನಿಲ್ಲಿಸಿದರೆ ಸರಿಹೋದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಪ್ರಾಣಿ ಸಾಯುತ್ತದೆ, ಮಗಳು ನನ್ನನ್ನು ಕ್ಷಮಿಸುವುದಿಲ್ಲ ಎಂಬ ದಿಗಿಲು ಹಗಲಿನ ಅರೆನಿದ್ದೆಯಲ್ಲೂ ಎದೆಯ ಮೇಲೆ ಕೂತಿರುತ್ತಿತ್ತು.

ಅಷ್ಟರಲ್ಲಿ ಮತ್ತೆ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ತೊಳೆದು ಪೂಜೆ ಮಾಡಿ ಬಿಡುತ್ತಾರೆ. ಇಡೀ ಬೀದಿಗೆ ಅದೊಂದು ದಿನ ಮೌನ. ಆ ದಿನ ನನಗೆ ಮೊದಲನೇ ಪಾಳಿ. ಎರಡು ಗಂಟೆಗೆ ಬಿಟ್ಟು ಹೊರಟರೆ ಬೀದಿಯ ತಿರುವಿನಲ್ಲಿ ಬೈಕು ಪಂಕ್ಚರ್ ಆಯಿತು. ಅಂಗಡಿಯವನಿಗೆ ಬಿಟ್ಟು ನಡೆದುಕೊಂಡೇ ಬಂದೆ. ಮಟಮಟ ಮಧ್ಯಾಹ್ನ. ಒಂದು ಮಗ್ಗವೂ ಇಲ್ಲದ ಬೀದಿಯಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿ, ಯಾರೋ ಹಿಂದೆ ಬರುತ್ತಿದ್ದಾರೆ ಎಂದು ಒಂದು ಸಲ ತಿರುಗಿ ನೋಡಿದೆ.

ಮನೆಯ ಹತ್ತಿರ ಬಂದಾಗ ಒಳಗಿನಿಂದ ನಗು ಕೇಳಿಸಿತು. ಯಾರೋ ಹುಡುಗಿ ನಗುತ್ತಿದ್ದಾಳೆ. ಅದು ನನ್ನ ಮಗಳ ನಗು ಎಂದು ಗುರುತಿಸಲು ನನಗೆ ಒಂದು ಕ್ಷಣ ಹಿಡಿಯಿತು. ಗೇಟು ತೆಗೆಯದೆ ಕಾಂಪೌಂಡಿನ ಮೇಲಿಂದ ಕಿಟಕಿಯಲ್ಲಿ ನೋಡಿದೆ. ಅವಳು ನೆಲದ ಮೇಲೆ ಕೂತಿದ್ದಳು. ಪ್ರಾಣಿ ಅವಳ ಹೆಗಲ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು. ಅವಳು ಹಿಪ್ಪುನೇರಳೆ ಎಲೆ ಹಿಡಿದರೆ ಕತ್ತು ಚಾಚಿ ಕಿತ್ತು ತಿನ್ನುತ್ತಿತ್ತು. ಗಡ್ಡ ಒಣಹುಲ್ಲಿನ ಬಣ್ಣಕ್ಕಿತ್ತು. ಅಮ್ಮ ಕಾಲು ಚಾಚಿಕೊಂಡು ಏನೋ ಹಳೇ ಕತೆ ಹೇಳುತ್ತಿದ್ದಳು, ಹೆಂಡತಿ ಅವರೆಕಾಯಿ ಬಿಡಿಸುತ್ತ ನಗುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಗೆದ್ದೆ, ಮಗ್ಗದ್ದೇ ತಪ್ಪು ಅಂದುಕೊಂಡು ಗೇಟಿನ ಚಿಲಕ ಎತ್ತಿದೆ.

ಕಬ್ಬಿಣದ ಚಿಲಕ ಕಿರ್ ಎಂದಿತು. ಪ್ರಾಣಿ ತಲೆ ಎತ್ತಿತು. ನಾನು ನೋಡುತ್ತಿದ್ದ ಹಾಗೆಯೇ ಗಡ್ಡಕ್ಕೆ ಮಸಿ ಏರಿತು. ಮಗಳ ನಗು ನಿಂತಿತು. ಹೆಂಡತಿ ಅವರೆಕಾಯಿಯ ಮೊರ ಬದಿಗಿಟ್ಟು ಎದ್ದು ಸೆರಗು ಸರಿಮಾಡಿಕೊಂಡಳು. ಅಮ್ಮ ಕಾಲು ಮಡಚಿಕೊಂಡಳು.

'ಅಪ್ಪ ಬಂದ್ರು' ಎಂದು ಮಗಳು ಪಿಸುಗುಟ್ಟಿದ್ದು ಆ ಮೌನದಲ್ಲಿ ಗೇಟಿನವರೆಗೂ ಕೇಳಿಸಿತು.

ಒಳಗೆ ಹೋಗಿ ನಿಂತೆ. ಮಗಳು ಪ್ರಾಣಿಯನ್ನು ಪೆಟ್ಟಿಗೆಯೊಳಗೆ ಇಳಿಸುತ್ತಿದ್ದಳು. ಗೋಡೆಯ ಮೇಲಿನ ಹಾಳೆ ನೋಡಿದೆ. ಅವತ್ತಿನ ಮನೆಗಳು, ನಾನು ತುಂಬಬೇಕಾದವೂ ಸೇರಿ, ಬೆಳಗಿನ ಆರರಿಂದ ಸಂಜೆ ಆರರವರೆಗೆ ಆಗಲೇ ತುಂಬಿದ್ದವು. ಗಂಟೆ ಇನ್ನೂ ಮೂರಾಗಿರಲಿಲ್ಲ.

ಇಂಥ ಹಾಳೆಯನ್ನು ನಾನು ಎಷ್ಟು ಕಂಡಿಲ್ಲ. ಪ್ರೆಸ್ ಶಾಪಿನಲ್ಲಿ ಹುಡುಗರು ಬೈಗುಳ ತಪ್ಪಲಿ ಎಂದು ಶಿಫ್ಟಿನ ಹಾಳೆಯನ್ನು ಮೊದಲೇ ತುಂಬಿಡುತ್ತಾರೆ. ಯಾವ ಸೂಪರ್‌ವೈಸರ್ ಏನು ಕಂಡರೆ ಸುಮ್ಮನಿರುತ್ತಾನೆ ಎಂದು ಅವರಿಗೆ ಗೊತ್ತು. ಅದನ್ನು ಕಣ್ಣಳತೆಯಲ್ಲೇ ಹಿಡಿಯುವವನು ಎಂದು ಕಾರ್ಖಾನೆಯಲ್ಲಿ ನನಗೆ ಹೆಸರಿದೆ. ನನ್ನ ಮನೆಯ ಗೋಡೆಯ ಮೇಲೆ ತಿಂಗಳಿಂದ ಅಂಟಿದ್ದದ್ದು ಕಂಡಿರಲಿಲ್ಲ. ಮಗಳು ತನ್ನ ಪಾಲಿನ ಮನೆಗಳನ್ನು ಖಾಲಿ ಬಿಟ್ಟಿದ್ದರೆ ನಾನಿದ್ದ ಗಂಟೆಗಳು ಮಾತ್ರ ಕಪ್ಪಗೆ ಎದ್ದು ಕಾಣುತ್ತಿದ್ದವು. ಅದಕ್ಕೇ ಬಿಡಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ನನ್ನದೇ ಮನೆಯಲ್ಲಿ ದಾರಿ ತಪ್ಪಿದವನ ಹಾಗೆ.

'ಅದು ಯಾರಿಗೆ ಹೆದರ್ತಿತ್ತು ಅಂತ ನಿಂಗೆ ಗೊತ್ತಿತ್ತಾ?' ಎಂದು ಕೇಳಿದೆ.

ಅವಳು ತನ್ನ ಅಮ್ಮನ ಮುಖ ನೋಡಿದಳು. ಆಮೇಲೆ, 'ಗೊತ್ತಿತ್ತು' ಎಂದಳು.

'ಯಾವಾಗಿಂದ?'

'ಬಂದ ಮೂರ್ನೇ ದಿನದಿಂದ.'

'ಪಕ್ಕದ ಮನೆಯವ್ರ ಮೇಲೆ ನಾನು ಜಗಳಕ್ಕೆ ಹೋದಾಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?'

'ಅನ್ನಿಸ್ತು. ಹೇಳಕ್ಕೆ ಭಯ ಆಯ್ತು.'

'ಭಯ ಯಾಕೆ? ಅಪ್ಪನ ಹತ್ರ ಯಾಕಮ್ಮ ಭಯ?'

ಮೆಲ್ಲಗೆ ಕೇಳಿದೆ ಎಂದೇ ನಾನು ಅಂದುಕೊಂಡಿದ್ದೆ. ಎದುರುಮನೆಯ ಬಾಗಿಲು ತೆರೆಯಿತು, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು, ಪಕ್ಕದ ಮನೆಯ ಯಜಮಾನರು ಹೊರಗೆ ಬಂದು ನಮ್ಮ ಕಿಟಕಿಯ ಕಡೆ ನೋಡಿದರು. ಮಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಕೂಗಿದ್ದೆ.