ಎದೆಮಟ್ಟಕ್ಕೆ ವಾಸಿಯಾದವನು

ನಮ್ಮ ಬೀದಿಯ ಇಸ್ತ್ರಿಯವನನ್ನು ಎಲ್ಲರೂ ಕರೆಯುವುದು ‘ಗರಿಗರಿ’ ಎಂದೇ. ಅವನ ಕೈಗೆ ಸಿಕ್ಕ ಅಂಗಿಯ ಕಾಲರು ಸಂಜೆಯ ತನಕ ತಲೆ ಬಗ್ಗಿಸುತ್ತಿರಲಿಲ್ಲ. ಊರವರ ಸುಕ್ಕು ಬಿಡಿಸಿ ಬದುಕುವವನು ತಾನು ಮುದುರಿದ ಅಂಗಿಯಲ್ಲಿ ಯಾರೆದುರೂ ನಿಲ್ಲಬಾರದು ಎಂಬುದು ಅವನ ಹಟ. ಆ ಹಟವೇ ಮುಳುವಾಯಿತು.

ಕಳೆದ ವರ್ಷ ಅವನ ಮನಸ್ಸು ಕುಸಿಯಿತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಗಿರಾಕಿಗಳ ಬಟ್ಟೆಗಂಟಿನ ಮೇಲೇ ಬಿದ್ದುಕೊಂಡಿರುತ್ತಿದ್ದ. ಸ್ನಾನವಿಲ್ಲ, ಊಟ ಬೇಡ. ಹೆಂಡತಿ ಹೇಗೋ ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದು, ಇನ್ನು ಮೊಬೈಲಿನಲ್ಲೇ ನೋಡುತ್ತೇನೆ, ಇಲ್ಲಿಗೆ ಬರಬೇಡಿ ಎಂದರು. ಬಸ್ಸಿನ ಅಲೆದಾಟ ತಪ್ಪಿತಲ್ಲ ಎಂದು ಇಬ್ಬರಿಗೂ ಹಾಯೆನಿಸಿತು. ಮೊಬೈಲನ್ನು ನಾನು ಬೈಯುತ್ತಿಲ್ಲ. ಅದರಾಚೆ ಕೂತವರ ಮಾತು ಬೇರೆ.

ವಿಡಿಯೋ ಕರೆಯ ದಿನ ಮಾತ್ರ ಗರಿಗರಿ ಏಳುತ್ತಿದ್ದ. ಗಡ್ಡ ಹೆರೆದು, ಅಂಗಿಗೆ ಇಸ್ತ್ರಿ ಹಾಕಿ ತೊಡುತ್ತಿದ್ದ. ಅಂಗಿಯ ಕೆಳಗೆ ವಾರದಿಂದ ಬದಲಿಸದ, ನಾರುವ ಚಡ್ಡಿ.

“ಇಷ್ಟೆಲ್ಲಾ ಆಗತ್ತೆ, ಸ್ನಾನ ಮಾತ್ರ ಆಗಲ್ವಾ ನಿಮ್ಗೆ?” ಎನ್ನುತ್ತಿದ್ದಳು ಹೆಂಡತಿ.

“ಡಾಕ್ಟ್ರ ಮುಂದೆ ಮಾನ ಬೇಡ್ವೇನೇ? ಇಸ್ತ್ರಿಯವ್ನೇ ಮುದುರ್ಕೊಂಡು ಕೂತ್ರೆ ನಗಲ್ವಾ?”

ಆ ಕಡೆ ಡಾಕ್ಟರು ಬಾಯಲ್ಲೇನೋ ಅಗಿಯುತ್ತ, ಕಣ್ಣು ಇನ್ನೆಲ್ಲೋ ಇಟ್ಟು, “ಹೇಗಿದ್ದೀರಾ?” ಎನ್ನುತ್ತಿದ್ದರು.

“ಚೆನ್ನಾಗಿದ್ದೀನಿ ಸಾರ್.”

“ಕಾಣ್ತಿದೆಯಲ್ಲ, ಒಳ್ಳೇ ಮದುಮಗನ ಥರ ಇದ್ದೀರಾ! ಮಾತ್ರೆ ಅರ್ಧ ಮಾಡೋಣ.”

“ಸಾರ್, ಇವ್ರು ಊಟಾನೇ...” ಎಂದು ಹೆಂಡತಿ ಬಾಯಿ ಹಾಕಿದರೆ, “ರೋಗಿ ಮಾತಾಡ್ಲಿ, ತಾಯಿ” ಎಂಬ ಗದರಿಕೆ. ಮರುಕ್ಷಣ ಕರೆ ಕಟ್.

ಮುಂದಿನ ಸಲ ಮಾತ್ರೆ ಪೂರ್ತಿ ನಿಂತಿತು. ಆಮೇಲೆ ಅವನು, “ನಾನೊಬ್ಬ ಇಲ್ದಿದ್ರೆ ನೀನು ನೆಮ್ಮದಿಯಾಗಿರ್ತೀಯ ಕಣೇ” ಎನ್ನತೊಡಗಿದ. ಹೆಂಡತಿಯ ಜೀವ ಬಾಯಿಗೆ ಬಂತು. ಕಾಡಿಬೇಡಿ ಮತ್ತೊಂದು ಕರೆ ಹಿಡಿದಳು. ಅವನು ಮತ್ತೆ ಗರಿಗರಿಯಾಗಿ ಕೂತ. ಈ ಸಲ ಅವಳು ಮೊಬೈಲು ಕಸಿದು ಕೆಳಕ್ಕೆ ತಿರುಗಿಸಿದಳು: ಕೊಳಕು ಚಡ್ಡಿ, ನೊಣ ಮುತ್ತಿದ ತಟ್ಟೆ, ಕಮಟು ಹಿಡಿದ ಬಟ್ಟೆಗಂಟು.

“ಮೊಬೈಲ್ ನೆಟ್ಟಗೆ ಹಿಡೀರಮ್ಮಾ. ಮುಖ ತೋರ್ಸಿ, ಮನೆ ನೋಡೋಕೆ ಟೈಮಿಲ್ಲ ನಂಗೆ” ಎಂದರು ಡಾಕ್ಟರು.

ಅವನ ಹೆಂಡತಿಯ ಬಾಯಿಂದ ಇದನ್ನು ಕೇಳಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಮುರಿದ ಕಾಲು ಪರದೆಯ ಮೇಲೂ ಮುರಿದಂತೆಯೇ ಕಾಣುತ್ತದೆ. ಕುಸಿದ ಮನಸ್ಸಿಗೋ ನಾಚಿಕೆ. ಅದು ಒಗೆದ ಅಂಗಿ ತೊಟ್ಟು ಚೆನ್ನಾಗಿದ್ದೀನಿ ಎನ್ನುತ್ತದೆ. ಅದು ಗೊತ್ತಿರಬೇಕಾದ ಕುರ್ಚಿಯಲ್ಲೇ ಕೂತು, ಎರಡನೇ ಪ್ರಶ್ನೆ ಕೇಳುವ ಸೌಜನ್ಯವೂ ಇಲ್ಲದೆ, ಕಾಲರು ನೋಡಿ ಕಾಯಿಲೆ ಅಳೆಯುವುದು ಎಂಥ ಹೊಲಸು ವೈದ್ಯ!

ಆ ಕರೆಯ ಮರುದಿನ ಬೆಳಿಗ್ಗೆ ಹೆಂಡತಿ ಇಸ್ತ್ರಿಪೆಟ್ಟಿಯನ್ನು ಕಪಾಟಿಗೆ ಹಾಕಿ ಬೀಗ ಜಡಿದು, ಆಸ್ಪತ್ರೆಗೆ ಹೊರಡಿ ಎಂದಳು.

“ಹೀಗೇ ಬರ್ಲಾ? ಮಾನ ಹೋಗತ್ತೆ ಕಣೇ.”

“ಹೋಗ್ಲಿ, ಆಮೇಲೆ ಅದಕ್ಕೂ ಇಸ್ತ್ರಿ ಹಾಕೋಣ. ನಡೀರಿ.”

ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿ ಎದ್ದು ಹೋದರು. ಆಸ್ಪತ್ರೆಯ ಕೌಂಟರಿನಲ್ಲಿ, “ಮೊಬೈಲಲ್ಲೇ ಬುಕ್ ಮಾಡ್ಬೇಕು” ಎಂದರು. ಅವಳು ಗಂಡನನ್ನು ಡಾಕ್ಟರ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂರಿಸಿ ತಾನೂ ಕೂತಳು. ಕೊನೆಗೆ ಡಾಕ್ಟರು ಕರ್ಚೀಫು ಮೂಗಿಗೊತ್ತಿಕೊಂಡು ಹೊರಬಂದರು.

“ಯಾರಮ್ಮಾ ಇವ್ರು?”

“ಗುರ್ತು ಸಿಗ್ಲಿಲ್ವಾ ಸಾರ್? ನೀವೇ ವಾಸಿ ಮಾಡಿದ್ರಲ್ಲ, ಮದುಮಗ!”

ಗರಿಗರಿ ಮುಖ ಮುಚ್ಚಿಕೊಂಡು ಅತ್ತ. ಕಾಯಿಲೆ ಬಿದ್ದ ಮೇಲೆ ಡಾಕ್ಟರೆದುರು ಅವನು ಅತ್ತದ್ದು ಅದೇ ಮೊದಲು. ಮಾತ್ರೆ ಮತ್ತೆ ಶುರುವಾಯಿತು. ಈಗ ಅಂಗಡಿಯ ಬಾಗಿಲು ದಿನಕ್ಕಷ್ಟು ಮೇಲೇರುತ್ತಿದೆ. ಕರೆ ಬಂದ ದಿನ ಮುದುರಿದ ಅಂಗಿಯಲ್ಲೇ ಕೂರಬೇಕೆಂಬುದು ಹೆಂಡತಿಯ ಕಟ್ಟಪ್ಪಣೆ. ಅವನಿಗೆ ಮೈಯೆಲ್ಲ ಮುಳ್ಳು, ಆದರೂ ಕೂರುತ್ತಾನೆ.

ಡಾಕ್ಟರು ಈಗಲೂ ಅಗಿಯುತ್ತಲೇ ಮಾತಾಡುತ್ತಾರಂತೆ.