ಅಕ್ಕಿ ಹಾಕದ ಕೈ

ಅಕ್ಕೋರು ಮಾತಾಡುವಾಗ ಬಲಗೈ ಹೆಬ್ಬೆರಳನ್ನು ಸೆರಗಿಗೆ ತಿಕ್ಕುತ್ತಲೇ ಇರುತ್ತಿದ್ದರು. ಅವರ ಎಲ್ಲ ಸೀರೆಗಳ ಸೆರಗೂ ಒಂದೇ ಜಾಗದಲ್ಲಿ ಸವೆದು ನೂಲು ಎದ್ದಿತ್ತು. ಬೆರಳಿಗೆ ಏನು ಹತ್ತಿದೆಯೆಂದು ನಾನು ಎಷ್ಟೋ ಸಲ ನೋಡಿದ್ದೇನೆ. ಏನೂ ಹತ್ತಿರಲಿಲ್ಲ.

ಅವರು ಮೊದಲು ಕನ್ನಡ ಶಾಲೆಯ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ. ನಿವೃತ್ತಿಯಾದ ಮೇಲೆ ಸಿಂದಗಿಯಲ್ಲಿ, ಗಂಡನ ಮನೆಯಲ್ಲಿ ಹೊಡೆತ ತಿಂದ ಹೆಂಗಸರ ದೂರು ಕೇಳುವ ಪುಟ್ಟ ಸಲಹಾ ಕೇಂದ್ರವೊಂದಕ್ಕೆ ಬಂದು ಕೂತರು. ಬಂದವಳ ಹೆಸರು ಕೇಳುವುದಕ್ಕಿಂತ ಮೊದಲು, "ಉಂಡೀಯೇನವ್ವ?" ಎನ್ನುವರು. ಇಲ್ಲವೆಂದರೆ ತಮ್ಮ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಂದಿಡುವರು. ರೊಟ್ಟಿ ಮುರಿಯುವ ಕೈ ನೋಡಿದರೇ ಅವರಿಗೆ ಗೊತ್ತಾಗುತ್ತಿತ್ತು, ಯಾವ ಭುಜಕ್ಕೆ ಏಟು ಬಿದ್ದಿದೆಯೆಂದು.

ಆದರೆ ಮೊದಮೊದಲು ಅವರೂ ಎಲ್ಲರಂತೆ ರಾಜಿ ಮಾಡಿಸಿಯೇ ಕಳಿಸುತ್ತಿದ್ದರು. ಗಂಡನನ್ನು ಕರೆಸಿ ಬೈದು, ಇನ್ನು ಕೈ ಎತ್ತುವುದಿಲ್ಲವೆಂದು ಬರೆಸಿ, ಇಬ್ಬರ ಹೆಬ್ಬೆಟ್ಟು ಒತ್ತಿಸುವರು. ಕಡೆಗೆ ತವರಿನವರು ಮಗಳನ್ನು ಕಳಿಸುವಂತೆ ಆಕೆಯ ಉಡಿ ತುಂಬುವರು: ಸೆರಗಿನಲ್ಲಿ ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಕುಪ್ಪಸದ ಖಣ. ಕಪಾಟಿನಲ್ಲಿ ಖಣಗಳ ಗಂಟೇ ಇರುತ್ತಿತ್ತಂತೆ. ತುಂಬಿದ ಉಡಿ ಗಂಡನ ಮನೆಯಲ್ಲೇ ಇಳಿಯಬೇಕು, ನಡುವೆ ಎಲ್ಲೂ ನಿಲ್ಲುವಂತಿಲ್ಲ.

ಝಳಕಿ ಕಡೆಯ ಒಬ್ಬ ಹುಡುಗಿಯನ್ನೂ ಹೀಗೇ ಕಳಿಸಿದರು. ಆಕೆ ಬಾಗಿಲ ತನಕ ಹೋಗಿ ಹೊಳ್ಳಿ ಬಂದು, "ಅಕ್ಕೋರ, ಎರಡ ದಿನ ಇಲ್ಲೇ ಇರ್ತೇನ್ರಿ" ಎಂದಳಂತೆ. ಇರಿಸಿಕೊಳ್ಳಲು ಜಾಗವಾದರೂ ಎಲ್ಲಿತ್ತು? "ಉಡಿ ತುಂಬಿಸ್ಕೊಂಡು ನಿಲ್ಲಬಾರ್ದವ್ವ, ಹೋಗು," ಎಂದು ಅಕ್ಕೋರೇ ಬೆನ್ನು ತಟ್ಟಿ ಕಳಿಸಿದರು. ಒಂಬತ್ತನೆಯ ದಿನ ಗಂಡ ಆಕೆಯನ್ನು ಹೊಡೆದು ಕೊಂದ. ರಾಜಿಪತ್ರ ತೆಗೆದು ನೋಡಿದರೆ ಆಕೆಯ ಹೆಬ್ಬೆಟ್ಟಿನ ಪಕ್ಕದಲ್ಲೇ ಇನ್ನೊಂದು ಮಸಿಯ ಗುರುತು. ಆಕೆಯ ಕೈ ಹಿಡಿದು ಒತ್ತಿಸುವಾಗ ಅಕ್ಕೋರ ಹೆಬ್ಬೆರಳೂ ಕಾಗದಕ್ಕೆ ತಾಗಿತ್ತು.

"ಕೊಂದಾಂವ ಅಂವ, ಖರೇ. ಕಳಿಸಿದಾಕಿ ನಾನು," ಎಂದು ನನ್ನೆದುರು ಒಂದೇ ಒಂದು ಸಲ ಹೇಳಿದ್ದರು. ಆಗಲೂ ಬೆರಳು ಸೆರಗಿನಲ್ಲೇ ಇತ್ತು.

ಆಮೇಲೆ ಒಂದು ಕೋಣೆಯ ಬೆನ್ನು ಹತ್ತಿದರು. ಮನೆಗೆ ಹೋಗಲಾರದವಳು ನಾಲ್ಕು ದಿನ ಚಿಲಕ ಹಾಕಿಕೊಂಡು ಮಲಗಲು ಒಂದು ಕೋಣೆ, ಅಷ್ಟೆ. ಸಾಹೇಬರೊಬ್ಬರು, "ಗಂಡನ ಮನಿ ಐತಿ, ತವರಮನಿ ಐತಿ, ಮೂರನೇದ್ಯಾಕ್ರಿ ಅಕ್ಕೋರ?" ಎಂದು ನಕ್ಕರಂತೆ. "ಎರಡೂ ಕಡೆ ಬಾಗ್ಲಾ ಹಾಕ್ಯಾರ್ರಿ, ಅದಕ್ಕ," ಎಂದು ಇವರು ಏಳದೆ ಅಲ್ಲೇ ಕೂತರಂತೆ. ಮಹಾ ಹಟಮಾರಿ! ಎರಡು ವರ್ಷ ಅಲೆದ ಮೇಲೆ ಕೇಂದ್ರದ ಹಿಂದೆ ತಗಡಿನ ಒಂದು ಕೋಣೆ ಸಿಕ್ಕಿತು. ಒಳಗಿನ ಚಿಲಕವನ್ನು ಅಕ್ಕೋರೇ ನಿಂತು ಹಾಕಿಸಿದರು.

ಆ ಕೋಣೆಯಲ್ಲಿ ನಾನೂ ಮಲಗಿದ್ದೇನೆ. ಮನಗೂಳಿಯ ಗಂಡನ ಮನೆಯಿಂದ ಹರಿದ ಕಿವಿ ಹಿಡಿದುಕೊಂಡು ದೇವಣಗಾಂವದ ತವರಿಗೆ ಬಂದಾಗ, ಅವ್ವ ಮರುದಿನವೇ ನನ್ನನ್ನು ಕೇಂದ್ರಕ್ಕೆ ಕರೆತಂದಳು. ಅಕ್ಕೋರು ಉಡಿ ತುಂಬಿ ಕಳಿಸುತ್ತಾರೆಂದು ಹಿಂದೆಂದೋ ಕೇಳಿದ್ದಳಂತೆ. ಅಕ್ಕಿ, ಕಾಯಿ, ಖಣ ಎಲ್ಲ ಚೀಲದಲ್ಲಿ ತುಂಬಿಕೊಂಡೇ ಬಂದಿದ್ದಳು!

"ನಿಮ್ಮ ಕೈಲೆ ಉಡಿ ತುಂಬ್ರಿ ಅಕ್ಕೋರ. ನಿಮ್ಮ ಮಾತು ಅಳಿಯ ಮೀರಂಗಿಲ್ಲ," ಎಂದಳು.

ಅಕ್ಕೋರ ಹೆಬ್ಬೆರಳು ಸೆರಗಿಗೆ ಹೋಯಿತು. ಚೀಲದಿಂದ ಕಾಯಿ ತೆಗೆದು, "ಇದನ್ನ ಒಡದು ಚಟ್ನಿ ಅರಿಯೋಣು, ಅಕ್ಕಿ ಅನ್ನ ಮಾಡೋಣು. ಮಗಳನ್ನ ಮಾತ್ರ ಕಳಸಂಗಿಲ್ಲ ಯವ್ವಾ. ಬೇಕಾದ್ರ ನನ್ನ ಬೈದು ಹೋಗು," ಎಂದರು. ಅವ್ವ ಬೈದೇ ಹೋದಳು. ಆ ಅನ್ನವನ್ನು ನಾನು ಅಳುತ್ತ ಉಂಡೆ. ಹನ್ನೊಂದು ದಿನ ಆ ಚಿಲಕದ ಹಿಂದೆ ಇದ್ದೆ. ಆಮೇಲೆ ಅದೇ ಕೇಂದ್ರದಲ್ಲಿ ಕೆಲಸಕ್ಕೆ ನಿಂತೆ.

ಹೋದ ವರ್ಷ ಅಕ್ಕೋರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ನಾ ಹ್ವಾದ್ರ ನನಗ ಉಡಿ ತುಂಬಬ್ಯಾಡ್ರಿ. ಆ ಹುಡುಗಿಗೆ ತುಂಬಿದ್ದ ಸಾಕು," ಎಂದರು.

ಮುತ್ತೈದೆಯಾಗಿಯೇ ಹೋದರು. ನಮ್ಮಲ್ಲಿ ಮುತ್ತೈದೆ ಸತ್ತರೆ, ಎತ್ತುವ ಮುನ್ನ ಹೆಂಗಸರೆಲ್ಲ ಉಡಿ ತುಂಬುತ್ತಾರೆ. ಬೇಡವೆಂದಿದ್ದರು ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಕ್ಕೋರ ಗಂಡ ತಮ್ಮ ತಂಗಿಯ ಮುಖ ನೋಡಿದರು. ಆ ತಂಗಿ, "ಮುತ್ತೈದಿನ್ನ ಬರೇ ಉಡೀಲೆ ಕಳಿಸ್ತಾರೇನ? ಸರಿ ಆಕಡೆ," ಎಂದು ಗದರಿದಳು. ಆ ಕೋಣೆಯಲ್ಲಿ ಮಲಗಿ ಬದುಕಿಕೊಂಡವರೇ ಇಂಡಿಯಿಂದ, ಮುದ್ದೇಬಿಹಾಳದಿಂದ ಬಂದಿದ್ದರು. ಒಬ್ಬೊಬ್ಬರಾಗಿ ಅಳುತ್ತ ಅಕ್ಕಿ ಹಾಕಿದರು. ಅಕ್ಕೋರ ಹೆಬ್ಬೆರಳು ಅಕ್ಕಿಯಲ್ಲಿ ಮುಚ್ಚಿಹೋಯಿತು.

ನನ್ನ ಪಾಳಿ ಬಂತು. ಯಾರೋ ಅಕ್ಕಿಯ ಬುಟ್ಟಿ ಮುಂದೆ ಹಿಡಿದರು. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಅಕ್ಕೋರು ಈಕಿಗೆ ಏನ್ ಕಡಿಮಿ ಮಾಡಿದ್ರು? ಒಂದ್ ಹಿಡಿ ಅಕ್ಕಿ ಹಾಕಲಿಲ್ಲ ನೋಡ್ರಿ. ಎದಿ ಕಲ್ಲ ಐತಿ ಈಕೀದು," ಎಂದು ಹಿಂದಿನಿಂದ ಯಾರೋ ಅಂದರು.

ಅನ್ನಲಿ. ಅಕ್ಕೋರು ನನ್ನ ಉಡಿ ತುಂಬದೇ ಇದ್ದದ್ದಕ್ಕೆ ನಾನು ಇವತ್ತು ಬದುಕಿದ್ದೇನೆ. ಅವರಿಗೆ ನಾನು ತಿರುಗಿ ಮಾಡಲಾದದ್ದು ಅದೊಂದೇ.